ಜೋಳದಕ್ಕಿಗೆ ಬಿತ್ತಿದ್ದು

ಈ ಸಲ ಮನೆ ಹಿಂದಿನ ಕಾಲು ಎಕರೆಗೆ ಜೋಳ ಬಿತ್ತಿಸಿದೆ. ಹಕ್ಕಿ ತಿನ್ನಲಿ ಅಂತ. ಮಗನಿಗೆ ಹಾಗೆ ಹೇಳಿದರೆ ಆಗುತ್ತದೆಯೇ? ಹಸುವಿಗೆ ಸೊಪ್ಪೆ ಆಗುತ್ತದೆ ಎಂದೆ.

"ಮರಗೆಣಸು ಹಾಕಿದ್ರೆ ಸಬ್ಬಕ್ಕಿ ಮಿಲ್ಲೋರೇ ಲಾರಿ ಕಳುಸ್ತಾರೆ. ಜೋಳ ಯಾರಿಗವ್ವ ಬೇಕು?"

"ನಂಗೆ ಬೇಕು, ಬಿತ್ಲಾ" ಎಂದೆ. ಬಿತ್ತಿದ.

ನಾನು ಮದುವೆಯಾಗಿ ಬಂದಾಗ ಈ ಗುಡ್ಡದ ಬುಡವೆಲ್ಲ ಜೋಳವೇ. ದೀಪಾವಳಿ ಹತ್ತಿರ ಬಂತೆಂದರೆ ನಾವು ಜೋಳದಕ್ಕಿ ಅನ್ನುವ ಹಕ್ಕಿ ಬರುತ್ತಿತ್ತು. ಕರಿ ತಲೆ, ಕರಿ ರೆಕ್ಕೆ, ನಡುವೆ ರೋಜಾ ಹೂವಿನ ಮೈ. ಎಲ್ಲಿಂದ ಅಂತ ನಮಗೆ ಗೊತ್ತಿರಲಿಲ್ಲ, ಕೇಳುವುದಕ್ಕೆ ಪುರುಸೊತ್ತೂ ಇರಲಿಲ್ಲ. ಹಿಂಡು ಇಳಿದರೆ ಒಂದು ಎಲೆ ಅಡಿಕೆ ಜಗಿಯುವುದರೊಳಗೆ ತೆನೆ ಬೋಳು. ಬೆಳಗಾಗುವ ಮೊದಲೇ ಅಟ್ಟಣೆ ಹತ್ತಿ, ಕವಣೆ ಬೀಸುತ್ತಾ ಕೂಗುತ್ತಿದ್ದೆ. ಮಗು ಕೆಳಗೆ ಜೋಲಿಯಲ್ಲಿ ಮಲಗಿರುತ್ತಿತ್ತು. ಹಕ್ಕಿಗೆ ನಾನು ಬೈದ ಬೈಗುಳ ಇಲ್ಲಿ ಬರೆಯುವಂಥದ್ದಲ್ಲ. ಕಲ್ಲು ಬಿದ್ದು ಸತ್ತವೂ ಉಂಟು. ಅದಕ್ಕೆ ದುಃಖವಿಲ್ಲ. ನಾವೂ ಉಣ್ಣಬೇಕಿತ್ತು.

ಆಮೇಲೆ ಬೋರು ಬಂತು, ಮರಗೆಣಸು ಬಂತು. ಮಣ್ಣೊಳಗಿನ ಗೆಡ್ಡೆ ಹಕ್ಕಿಗೆ ಯಾತಕ್ಕೆ? ಒಂದೊಂದು ವರ್ಷ ಬಲು ಮೇಲೆ ಹಿಂಡು ಹಾದುಹೋಗುತ್ತಿತ್ತು, ಇಳಿಯುತ್ತಿರಲಿಲ್ಲ. ಕಳೆ ಕೀಳುವುದು ಬಿಟ್ಟು ಕತ್ತು ನೋಯುವ ತನಕ ನೋಡುತ್ತಿದ್ದೆ. ತವರನ್ನೂ ಇಷ್ಟು ನೆನೆದವಳಲ್ಲ ನಾನು.

ಮೊಮ್ಮಗಳು ಸೇಲಂನಲ್ಲಿ ಕಾಲೇಜು ಓದುತ್ತಾಳೆ. ಕಂಡ ಹಕ್ಕಿಯನ್ನೆಲ್ಲ ಫೋನಿನಲ್ಲಿ ಬರೆದಿಡುವ ಹುಚ್ಚು ಅವಳಿಗೆ. ಹೋದ ವರ್ಷ ಒಂದು ಫೋಟೊ ತೋರಿಸಿದಳು. "ಇದು ಬೇರೆ ದೇಶದಿಂದ ಬತ್ತದೆ ಅಜ್ಜಿ. ನಮ್ಮೂರಾಗೆ ಯಾರೂ ನೋಡೇ ಇಲ್ಲ ಅಂತ ಈ ಫೋನಲ್ಲಿ ಐತೆ."

"ನೋಡಿಲ್ವಾ? ಕಲ್ಲಲ್ಲಿ ಒಡ್ದಿವ್ನಿ ಕಣೆ!"

ಅವತ್ತೇ ಜೋಳ ಹಾಕಿಸಬೇಕೆಂದು ತೀರ್ಮಾನ ಮಾಡಿದ್ದು. ಇನ್ನೊಂದು ಸಲ ಅವು ನನ್ನ ಹೊಲದಲ್ಲಿ ಇಳಿಯುವುದನ್ನು ನೋಡಬೇಕಿತ್ತು.

ದೀಪಾವಳಿ ರಜೆಗೆ ಅವಳು ಬಂದಿದ್ದಳು. ಹೊತ್ತು ಮೂಡುವಾಗ ಇಬ್ಬರೂ ಹುಲ್ಲಿನ ಮೆದೆಯ ಮರೆಯಲ್ಲಿ ಕುಳಿತೆವು. ಮೂರನೆಯ ದಿನ ಬಂದವು. ಮೊದಲು ಬೇವಿನ ಮರದ ತುಂಬ ಗಲಾಟೆ. ಆಮೇಲೆ ಒಟ್ಟಿಗೇ ಜೋಳಕ್ಕೆ ಬಿದ್ದವು. ಐವತ್ತೋ ಅರವತ್ತೋ ಇರಬಹುದು. ತೆನೆಗಳು ಬಗ್ಗಿದವು.

ನಾನು ಎದ್ದು ನಿಂತಿದ್ದೆ. ಕೈ ತಟ್ಟಿದ್ದೆ. "ಓಹೋಯ್ ಡೋ!" ಎಂದು ನನ್ನ ಗಂಟಲೇ ಕೂಗಿದ್ದು ಕೂಗಿದ ಮೇಲೆ ತಿಳಿಯಿತು. ಹಿಂಡು ಎದ್ದು ಒಂದು ಸುತ್ತು ತಿರುಗಿ ಗುಡ್ಡ ದಾಟಿತು.

"ಪೋಚು! ಎಲ್ಲ ಓಯ್ತು! ಏನಜ್ಜಿ, ಓಡ್ಸೋಕೆ ಬಿತ್ತಿಸಿದ್ಯಾ?"

"ಬಾಯ್ ಮುಚ್ಚೆ. ಜೋಳದ ಮ್ಯಾಲೆ ಅಕ್ಕಿ ಕುಂತ್ರೆ ಸುಮ್ಕೆ ನೋಡೋದು ನಂಗ್ಯಾರು ಕಲ್ಸವ್ರೆ?"

ಅವಳು ಹೊಟ್ಟೆ ಹಿಡಿದು ನಕ್ಕಳು. ನನಗೆ ನಗು ಬರಲಿಲ್ಲ. ನೋಡಿದ್ದನ್ನು ಫೋನಿನಲ್ಲಿ ಬರೆದುಕೊಂಡು ಸೇಲಂಗೆ ಹೋದಳು.

ಮಾರನೆಯ ದಿನದಿಂದ ಬಾಯಿ ತುಂಬ ಎಲೆ ಅಡಿಕೆ ಹಾಕಿಕೊಂಡು ಕೂರುತ್ತಿದ್ದೆ, ಕೂಗು ಬರದಿರಲಿ ಅಂತ. ಗಿಳಿ ಬಂತು, ಗುಬ್ಬಿ ಬಂತು. ಕಾಳು ಒಣಗಿತು. ಮಗ ಕುಡುಗೋಲು ಹಿಡಿದು ಬಂದ.

"ಇನ್ನೊಂದು ವಾರ ಇರ್ಲಿ ಬುಡ್ಲಾ" ಎಂದೆ.

"ಸೊಪ್ಪೆ ಕೆಟ್ಟೋತದೆ ಕಣವ್ವ."

"ಕೆಡ್ಲಿ. ನಾ ಬಿತ್ತಿಸಿದ್ದು ಅಕ್ಕಿಗೆ."

ಅವನು ನನ್ನ ಮುಖ ನೋಡಿದ. "ಜೋಳದಕ್ಕಿಗಾ? ಅದ್ನ ಓಡ್ಸೇ ಅಲ್ವಾ ನೀ ನನ್ನ ಸಾಕಿದ್ದು?"

"ಊಂ."

ಅವನು ಸಾಲು ಹಿಡಿದು ಕೊಯ್ಯುತ್ತಾ ಹೋದ. ಬೇವಿನ ಮರದ ಹತ್ತಿರ ನಾಲ್ಕು ಸಾಲು ಉಳಿದಿದ್ದಾಗ ನಿಲ್ಲಿಸಿ, ಕುಡುಗೋಲು ಒರೆಸಿಕೊಂಡು ಮನೆಗೆ ನಡೆದ. ಆ ನಾಲ್ಕು ಸಾಲಿನ ಎದುರು ದಿನಾ ಬೆಳಗ್ಗೆ ಕೂರುತ್ತೇನೆ. ಇವತ್ತು ಬರಿ ಗುಬ್ಬಿ ಬಂದಿತ್ತು.