ನೆಂಟರಿರುವ ಸೀಮೆಯಲ್ಲಿ ಟೆಂಟು

ನಮ್ಮಣ್ಣ ಬಸ್ ಡ್ರೈವರು. ಅರ್ಧ ಆಯುಸ್ಸನ್ನು ನೈಟ್ ಹಾಲ್ಟಿಗೆ ಸಮರ್ಪಿಸಿದವನು. ಯಾವುದೋ ಹಳ್ಳಿಯ ಕೊನೆ, ಬಸ್ಸಿನ ಹಿಂದಿನ ಉದ್ದ ಸೀಟು, ಮುಖಕ್ಕೆ ಟವೆಲ್ಲು, ಕೋಳಿ ಕೂಗುವ ಮುಂಚೆ ಮೊದಲ ಟ್ರಿಪ್ಪು. ನಿವೃತ್ತನಾದ ಮೇಲೆ ಅವನು ದೇವರಲ್ಲಿ ಮೋಕ್ಷವನ್ನೇನೂ ಕೇಳಲಿಲ್ಲ. ಬೆಳಿಗ್ಗೆ ಟ್ರಿಪ್ಪಿಲ್ಲದ ಒಂದು ನೈಟ್ ಹಾಲ್ಟು, ಮರಗಳ ನಡುವೆ, ಹೊಳೆಯ ಸದ್ದು ಕೇಳುವಷ್ಟು ಹತ್ತಿರ. ಇಷ್ಟೇ.

ಅದಕ್ಕಾಗಿ ಹಳೇ ಸ್ಕೂಲ್ ವ್ಯಾನೊಂದನ್ನು ತಂದು ನಾಗಮಂಗಲದ ಮನೆಯ ಹಿತ್ತಲಲ್ಲಿ ನಿಲ್ಲಿಸಿ, ಸೀಟು ಕಿತ್ತು, ಹಲಗೆಯ ಮಂಚ ಕೂರಿಸಿದ. ಗ್ಯಾಸ್ ಒಲೆ ಬಂತು. ಅತ್ತಿಗೆಯ ಹಳೇ ಸೀರೆ ಕಿಟಕಿಗೆ ಪರದೆಯಾಯಿತು. ಮಂಚ ಒಬ್ಬರಿಗಷ್ಟೇ ಆದ್ದರಿಂದ ನನ್ನ ಭಾಗಕ್ಕೆ ಒಂದು ಟೆಂಟು. ಎಲ್ಲ ಸಿದ್ಧವಾಗುವ ಹೊತ್ತಿಗೆ ಅಣ್ಣನ ಲಿವರು ಕೈಕೊಟ್ಟಿತು. "ಅವರೇನ್ ಕೇಳ್ತಾರೋ ಕೊಡಿ" ಎಂದರು ಡಾಕ್ಟರು. ನಮ್ಮ ಕಡೆ ಡಾಕ್ಟರು ಹೀಗೆಂದ ಮೇಲೆ ಮನೆಯವರು ಇನ್ನೊಂದು ಪ್ರಶ್ನೆ ಕೇಳುವುದಿಲ್ಲ.

ಅಣ್ಣ ಕೇಳಿದ್ದು ಹೊಳೆಯನ್ನು.

ಮೊದಲು ಕೆ.ಆರ್. ಪೇಟೆ ಕಡೆ, ಹೇಮಾವತಿ ದಂಡೆಗೆ ಹೋದೆವು. ಒಲೆ ಹಚ್ಚುವುದರೊಳಗೆ ದೊಡ್ಡಮ್ಮನ ಮಗಳು ಮೊಪೆಡ್ಡಿನಲ್ಲಿ ಹಾಜರಾದಳು. "ನಾವೇನ್ ಸತ್ತೋಗಿದ್ದೀವಾ? ತಂಗಿ ಮನೆ ಇಟ್ಕಂಡು ದಿಕ್ಕಿಲ್ದೋರಂಗೆ ಇಲ್ಲಿ ಮಲಗ್ತೀರಾ?" ಆ ರಾತ್ರಿ ಅವಳ ಮನೆಯಲ್ಲಿ ಮುದ್ದೆ, ನಾಟಿಕೋಳಿ ಸಾರು, ಫ್ಯಾನು. ಅಣ್ಣ ಮೂರನ್ನೂ ಗೌರವದಿಂದ ನೋಡಿದ.

ಎರಡನೆಯ ದಂಡಯಾತ್ರೆ ಪರಮ ಗುಟ್ಟಿನದು. ವ್ಯಾನು ಹತ್ತಿಸುವಾಗ ಅಣ್ಣನ ತೂಕ ನನ್ನ ಕೈಗೆ ಗೊತ್ತಾಯಿತು, ಗೊತ್ತಾಗದಿದ್ದರೆ ಚೆನ್ನಾಗಿತ್ತು. ಮೇಲುಕೋಟೆ, ಪಾಂಡವಪುರಗಳನ್ನು ಪರದೆ ಎಳೆದುಕೊಂಡೇ ದಾಟಿದೆವು. ಕರಿಘಟ್ಟದ ಬುಡಕ್ಕೆ ನಮ್ಮ ಸವಾರಿ. ಮೇಲೆ ಬೆಟ್ಟದ ಕಾಡು, ಕೆಳಗೆ ಲೋಕಪಾವನಿ ಹೊಳೆ.

ಕಿರಂಗೂರಲ್ಲಿ ಹಾಲಿಗೆಂದು ನಿಲ್ಲಿಸಿದ್ದೇ ತಪ್ಪಾಯಿತು. ಅಂಗಡಿಯಾತ ಕೇಳಿದ, "ಯಾವೂರಾಯ್ತು? ಯಾರ ಪೈಕಿ?" ಈ ಪ್ರಶ್ನೆಗೆ ಸುಳ್ಳು ಹೇಳುವ ವಿದ್ಯೆ ನಮ್ಮ ವಂಶದಲ್ಲಿ ಯಾರಿಗೂ ಒಲಿದಿಲ್ಲ. ಅಣ್ಣ ಕಿಟಕಿಯಿಂದಲೇ ಊರು, ಮನೆತನ, ಹೆಣ್ಣು ತಂದ ಮನೆ ಎಲ್ಲ ಒಪ್ಪಿಸಿಬಿಟ್ಟ.

ಹೊಳೆ ದಂಡೆಯಲ್ಲಿ ನಾನು ಟೆಂಟಿನ ಕಡ್ಡಿಗಳೊಂದಿಗೆ ಸೆಣಸುತ್ತಿದ್ದೆ. ಅಣ್ಣ ವ್ಯಾನಿನ ಬಾಗಿಲಲ್ಲಿ ಕೂತು ನಕ್ಕ.

"ಲೇ, ಅದು ಟೆಂಟೋ, ಮಲಗಿರೋ ಎಮ್ಮೆಯೋ?"

ಆಮೇಲೆ ನೀರಿನ ಕಡೆ ಕಿವಿಕೊಟ್ಟು ಕೂತ. ತುಂಬ ದಿನಗಳ ಮೇಲೆ ತಾನಾಗಿ ಊಟ ಕೇಳಿದ. "ಒಂಚೂರು ಗಂಜಿ ಕಾಯ್ಸು ಕಣ್ಲಾ. ಇಲ್ಲಿ ಸೇರ್ಬೋದು."

ಗಂಜಿ ಕುದಿ ಬರುವಾಗ ಕಾರೊಂದು ಬಂತು. ಇಳಿದವನು ಅತ್ತಿಗೆಯ ಚಿಕ್ಕಪ್ಪನ ಮಗ, ಕಿರಂಗೂರಿನವನು. "ಏನ್ ಭಾವ ಇದು? ನಮ್ಮೂರ ಬಾಗಿಲಿಗೆ ಬಂದು ಕಾಡಲ್ಲಿ ಮಲಗದಾ? ಜನ ನನ್ ಮುಖಕ್ಕೆ ಉಗೀತಾರೆ."

"ಒಂದ್ ರಾತ್ರಿ ಕಣಪ್ಪ" ಎಂದ ಅಣ್ಣ. "ಬೆಳಿಗ್ಗೆ ನಿಮ್ಮನೇಗೇ ಬತ್ತೀನಿ."

"ಬೆಳಿಗ್ಗೆ ಬರೋರು ಈಗ್ಲೇ ಬನ್ನಿ. ಅನ್ನಕ್ಕಿಟ್ಟಾಯ್ತು."

ಅವನನ್ನು ಪಕ್ಕಕ್ಕೆ ಕರೆದು ಡಾಕ್ಟರು ಹೇಳಿದ್ದನ್ನು ಹೇಳಿದೆ. ಅವನ ಕಣ್ಣು ತುಂಬಿತು. "ಅದ್ಕೇ ಕಣಣ್ಣ ಬಂದಿರದು. ಏನ್ ಬೇಕೋ ಕೇಳ್ಲಿ, ಮಾಡ್ಸಾಕ್ತೀನಿ."

ಒಳ್ಳೆಯತನದ ಎದುರು ವಾದ ನಡೆಯುವುದಿಲ್ಲ. ಅಣ್ಣ ಹೊಳೆಯನ್ನೊಮ್ಮೆ ನೋಡಿದ. "ಬುಡ್ಲಾ, ಹೋಗನ. ಅವ್ರ ಮನಸ್ ಯಾಕ್ ನೋಯ್ಸದು."

ಗಂಜಿಯನ್ನು ಮರದ ಬುಡಕ್ಕೆ ಚೆಲ್ಲಿದೆ. ಆ ಮನೆಯಲ್ಲಿ ಅಣ್ಣನಿಗೆ ಮೆತ್ತನೆ ಹಾಸಿಗೆ ಹಾಸಿದರು. ಥಂಡಿ ಎಂದು ಕಿಟಕಿಗಳನ್ನೆಲ್ಲ ಭದ್ರವಾಗಿ ಮುಚ್ಚಿದರು. ನಾಗಮಂಗಲಕ್ಕೆ ವಾಪಸ್ಸು ಬಂದ ಮೇಲೆ ಅವನು ಆ ವ್ಯಾನು ಹತ್ತಲಿಲ್ಲ. ನಾನು ಹತ್ತಿಸುತ್ತೇನೆ ಎಂದಾಗ, "ಎಲ್ಲೋದ್ರೂ ನೆಂಟ್ರವ್ರೆ ಕಣ್ಲಾ" ಎಂದು ಗೋಡೆಗೆ ತಿರುಗಿದ.

ತಿಥಿಯ ದಿನ ಆ ಕಿರಂಗೂರಿನವನು ಪಂಕ್ತಿಯಲ್ಲಿ ಕೂತು ಎಲ್ಲರಿಗೂ ಹೇಳುತ್ತಿದ್ದ. "ಪಾಪ, ಅಂಥಾ ಸ್ಥಿತೀಲಿ ಹೊಳೆ ದಂಡೇಲಿ ಬಿದ್ಕತಿದ್ರು. ನಾವ್ ಬುಡ್ನಿಲ್ಲ." ಜನ ತಲೆದೂಗಿದರು. ಅತ್ತಿಗೆ ಕಣ್ಣೊರೆಸಿಕೊಂಡು ಅವನ ಎಲೆಗೆ ಇನ್ನೊಂದು ವಡೆ ಹಾಕಿಸಿದರು.

ಎರಡನೇ ಪಂಕ್ತಿಗೆ ಎಲೆ ಸಾಲದು ಎಂದು ಅಡುಗೆಯವರು ಕೂಗಿದರು. ಎಲೆಯ ಕಟ್ಟುಗಳನ್ನು ಬಾಡದಿರಲೆಂದು ವ್ಯಾನಿನೊಳಗೆ, ಅಣ್ಣನ ಮಂಚದ ಮೇಲೆ ಮಲಗಿಸಿದ್ದರು. ಹೋಗಿ ಒಂದು ಕಟ್ಟು ತಂದುಕೊಟ್ಟೆ.