ಅಮ್ಮನನ್ನು ಎತ್ತಲು ಕಲಿತದ್ದು

ಬೆಳಿಗ್ಗೆ ಅಕ್ಕಿಯ ಗೋಣಿಚೀಲ ಬಂತು. ಬಾಯಿ ಬಿಚ್ಚುತ್ತಿದ್ದಂತೆ ಎದ್ದ ಸೆಣಬಿನ ವಾಸನೆಗೆ ನಂಜನಗೂಡಿನ ನಮ್ಮ ನಡುಮನೆ ಒಂದು ಗಳಿಗೆ ಮಸುಕಾಯಿತು, ನಿಮಗೂ ಹೀಗಾಗಿರಬಹುದು. ಆ ಮಸುಕಿನೊಳಗಿಂದ ಎಷ್ಟೋ ವರ್ಷಗಳ ಹಿಂದಿನ ಮಾದೇವಣ್ಣ ನಡೆದು ಬಂದ. ತಿ. ನರಸೀಪುರದ ಕಡೆಯ ಹೆಮ್ಮಿಗೆಯವನು. ನಮ್ಮೂರ ಹತ್ತಿರದ ತಾಂಡ್ಯದ ಒಂದು ಕಾರ್ಖಾನೆಯಲ್ಲಿ ಮೂಟೆ ಹೊರುತ್ತ, ನಮ್ಮ ಪಕ್ಕದ ಮನೆಯಲ್ಲಿ ಬಾಡಿಗೆಗಿದ್ದ. ಅವನಿಗೆ ಮೀಸೆಯಿತ್ತೇ? ಇತ್ತೆಂದು ಬರೆಯಲು ಕೈ ಹೋಗುತ್ತದೆ, ಖಾತ್ರಿಯಿಲ್ಲ. ಮೈಯ ಗೋಣಿ ವಾಸನೆ ಮಾತ್ರ ಖಾತ್ರಿ.

ಆ ವರ್ಷ ಅಮ್ಮ ಜಾರಿ ಬಿದ್ದು ಕಾಲಿನ ಬಲ ಕಳೆದುಕೊಂಡಿದ್ದಳು. ದಿನಕ್ಕೆರಡು ಸಲ ಎಬ್ಬಿಸಿ ಕುರ್ಚಿಯಲ್ಲಿ ಕೂರಿಸದಿದ್ದರೆ ಕೊನೆಗೆ ಹಾಸಿಗೆಯೇ ಗತಿ ಎಂದಿದ್ದರು ಡಾಕ್ಟರು. ಎಬ್ಬಿಸಲು ಇದ್ದವನು ನಾನೊಬ್ಬ. ವಾರದೊಳಗೆ ನನ್ನ ಸೊಂಟ ಹಿಡಿಯಿತು. ಮಕ್ಕಳಿಗೆ ಸನ್ನೆಗೋಲಿನ ಪಾಠ ಮಾಡುವ ಎಂ.ಎಸ್ಸಿ. ಮೇಷ್ಟ್ರು ಚಪ್ಪಲಿ ಮೆಟ್ಟಲೂ ಗೋಡೆ ಹಿಡಿಯಬೇಕಾಯಿತು. ನಾನೂ ಮಲಗಿದರೆ ಅಮ್ಮ ಇನ್ನು ಏಳುವುದೇ ಇಲ್ಲ ಎಂಬ ಭಯ ಊಟಕ್ಕೆ ಕೂತಾಗಲೂ ಬಿಡುತ್ತಿರಲಿಲ್ಲ.

ನಾನು ಎತ್ತುತ್ತಿದ್ದ ರೀತಿಯನ್ನು ಹೇಳಿಬಿಡುತ್ತೇನೆ, ನಗಬೇಡಿ. ನಮ್ಮದು ಮಡಿಯ ಮನೆ. ಮಡಿಯಲ್ಲಿರುವ ಅಮ್ಮನನ್ನು ಮುಟ್ಟಬಾರದೆಂದು ಕಲಿತವನು, ಮಡಿಯಿಲ್ಲದಾಗಲೂ ಮುಟ್ಟುವುದನ್ನು ಯಾವಾಗಲೋ ಮರೆತಿದ್ದೆ. ಹಾಗಾಗಿ ತೋಳುದ್ದ ದೂರ ನಿಂತು, ಬೆನ್ನು ಬಗ್ಗಿಸಿ, ಅವಳ ಮುಂಗೈ ಹಿಡಿದು ಎಳೆಯುತ್ತಿದ್ದೆ.

ಒಂದು ಸಂಜೆ ಮಾದೇವಣ್ಣ ಬಾಗಿಲಲ್ಲಿ ನಿಂತು ನೋಡಿದ.

“ಏನ್ ಸಾ, ಬಾವೀಲಿ ನೀರ್ ಸೇದ್ದಂಗೆ ಎಳೀತಿದ್ದೀರಿ? ದೂರ ನಿಂತ್ರೆ ಭಾರ ಎಲ್ಲಾ ಸೊಂಟಕ್ಕೇ ಬೀಳ್ತದೆ. ಅತ್ರಕ್ಕೆ ಓಗಿ. ಮಂಡಿ ಮಡಚಿ, ಎದೆಗೆ ತಬ್ಕಳಿ, ಕಾಲಲ್ಲಿ ಏಳಿ. ತಿರುಗುವಾಗ ಸೊಂಟ ತಿರುಚ್ಬೇಡಿ, ಪಾದ ತಿರುಗ್ಸಿ. ನಾವ್ ಮೂಟೆ ಎತ್ತೋದು ಇಂಗೇ ಕಣ್ ಸಾ.”

“ನಾನೇನು ಮೂಟೆನೇನಪ್ಪಾ?” ಅಂದಳು ಅಮ್ಮ.

“ಮೂಟೆ ಬಯ್ಯಾಕಿಲ್ಲ ಬುಡಿ, ಅಮ್ಮಾವ್ರೆ.”

ಅಮ್ಮ ನಕ್ಕಳು. ನಾನು ಹತ್ತಿರ ಹೋಗಿ ಅಲ್ಲೇ ನಿಂತುಬಿಟ್ಟೆ. ಭಾರ ಮೈಗೆ ಹತ್ತಿರವಿದ್ದಷ್ಟೂ ಹಗುರ ಎಂಬ ಲೆಕ್ಕ ಗೊತ್ತಿತ್ತು. ಕೈ ಮಾತ್ರ ಮುಂದಾಗಲಿಲ್ಲ.

“ಸ್ನಾನ ಆಗಿದ್ಯೇನೋ?” ಅಂದಳು ಅಮ್ಮ.

“ಇಲ್ಲ.”

“ಹೋಗ್ಲಿ, ಬಾ.”

ಅವಳ ಪಾದಗಳ ನಡುವೆ ನನ್ನದೊಂದು ಪಾದವಿಟ್ಟು, ಮಂಡಿ ಮಡಚಿ ತಬ್ಬಿದೆ. ಅವಳು ಮುಂದಕ್ಕೆ ಬಾಗಿ ನನ್ನ ಹೆಗಲಿಗೆ ಗಲ್ಲವಿಟ್ಟಳು. ಕಪಿಲೆಯಲ್ಲಿ ತೆಪ್ಪ ತಾನಾಗಿ ದಡ ಬಿಟ್ಟ ಹಾಗೆ ಇಬ್ಬರೂ ಎದ್ದೆವು. ಕುರ್ಚಿ ಇದ್ದದ್ದು ಎರಡೇ ಹೆಜ್ಜೆ ದೂರದಲ್ಲಿ. ಅಲ್ಲಿಗೆ ತಲುಪಲು ಬಹಳ ಹೊತ್ತು ಹಿಡಿಯಿತೆಂದು ನನ್ನ ನೆನಪು.

ನೆನಪನ್ನು ನಂಬುವವನಲ್ಲ ನಾನು. ಇದನ್ನು ಬರೆಯುವ ಮೊದಲು ಆ ವರ್ಷದ ಡೈರಿ ತೆಗೆದು ನೋಡಿದೆ. ‘ಇಂದು ಸೊಂಟ ನೋಯಲಿಲ್ಲ. ಅಮ್ಮ ಅರ್ಧ ಗಂಟೆ ಕೂತಿದ್ದಳು’ ಎಂದಷ್ಟೇ ಇದೆ. ತಬ್ಬಿಕೊಂಡದ್ದು ಎಲ್ಲೂ ಇಲ್ಲ. ಇಷ್ಟು ವರ್ಷಗಳ ಮೇಲೆ ಪೆನ್ನು ತೆಗೆದು ಆ ಪುಟದ ಅಂಚಿನಲ್ಲಿ ಬರೆದೆ: ‘ಅಮ್ಮನ ಗಲ್ಲ ನನ್ನ ಎಡ ಹೆಗಲ ಮೇಲಿತ್ತು.’ ಎಡವೋ ಬಲವೋ ಎಂದು ಈ ಸಲ ಕೇಳಿಕೊಳ್ಳಲಿಲ್ಲ.