ದೇಜಪ್ಪನ ಕೋಣೆಯಲ್ಲಿ ಹ್ಯೂಬರ್ಟ್ ಸಾರಿನ ಡ್ರಮ್ಮು

ಕುಡಿಯುವವರನ್ನು ದೇಜಪ್ಪ ಬೇಕಾದಷ್ಟು ನೋಡಿದ್ದ. ಹುಟ್ಟಿ ಬೆಳೆದದ್ದೇ ಅವರ ನಡುವೆ. ಕಿನ್ನಿಗೋಳಿ ಹತ್ತಿರದ ಹಳ್ಳಿಯಲ್ಲಿ ಅವನ ಅಪ್ಪ ಬೆಳಿಗ್ಗೆ ಒಮ್ಮೆ, ಸಂಜೆ ಒಮ್ಮೆ ಮರ ಹತ್ತಿ ಶೇಂದಿ ಇಳಿಸುತ್ತಿದ್ದರು. ಕುಡಿದು ಹಾಡುವವರು, ಕುಡಿದು ಅಳುವವರು, ಕುಡಿದು ಹೆಂಡತಿಗೆ ಹೆದರುವವರು, ಎಲ್ಲರೂ ಅವನ ಮನೆಯ ಅಂಗಳ ದಾಟಿಯೇ ಹೋದವರು. ಆದರೆ ಕುಡಿಯುವ ಮೊದಲು ಗ್ಲಾಸಿನೊಳಗೆ ಮೂಗು ತೂರಿಸಿ, ಕಣ್ಣು ಮುಚ್ಚಿ, "ಕಿತ್ತಳೆ ಸಿಪ್ಪೆ ಬರ್ತಾ ಉಂಟು, ಹಿಂದಿನಿಂದ ಸ್ವಲ್ಪ ಕಾಫಿ" ಎನ್ನುವ ಮನುಷ್ಯನನ್ನು ಅವನು ಕಂಡಿರಲಿಲ್ಲ. ಆ ಭಾಗ್ಯ ಐವತ್ತನಾಲ್ಕನೇ ವಯಸ್ಸಿನಲ್ಲಿ, ದೋಹಾದಲ್ಲಿ, ಹ್ಯೂಬರ್ಟ್ ಸಾರಿನಿಂದ ಒದಗಿತು.

ದೇಜಪ್ಪ ಒಂದು ಕಾಂಟ್ರಾಕ್ಟಿಂಗ್ ಕಂಪನಿಯ ಸ್ಟೋರ್ ಕೀಪರ್. ಇಪ್ಪತ್ತಮೂರು ವರ್ಷದಿಂದ ಅದೇ ಸ್ಟೋರು, ಅದೇ ಕುರ್ಚಿ. ಯಾವ ಬೋಲ್ಟು ಯಾವ ಕಪಾಟಿನಲ್ಲಿದೆ ಎಂದು ಕತ್ತಲಲ್ಲಿ ಕೇಳಿದರೂ ಹೇಳುವವನು. ಹ್ಯೂಬರ್ಟ್ ಅದೇ ಕಂಪನಿಯ ಅಡ್ಮಿನ್ ಆಫೀಸರ್, ಶಿರ್ವದ ಕಡೆಯವನು, ದೇಜಪ್ಪನಿಗಿಂತ ಎಂಟು ವರ್ಷ ಚಿಕ್ಕವನು. ಹುದ್ದೆಯೇನು ಮಹಾ ದೊಡ್ಡದಲ್ಲ. ಆದರೆ ರಜೆ, ವೀಸಾ, ಸಂಬಳದ ಲೆಟರ್, ಏನೇ ಆಗಬೇಕಿದ್ದರೂ ಕಾಗದ ಅವನ ಕೈ ದಾಟಿಯೇ ಹೋಗಬೇಕು. ಮಾಮೂಲಿ ದಿನಗಳಲ್ಲಿ ಅವನಿಗೆ ಇವನು ಬರೀ ದೇಜಪ್ಪ. ಏನಾದರೂ ಕೆಲಸ ಆಗಬೇಕಾದಾಗ ಮಾತ್ರ ಹೆಸರಿನ ತುದಿಗೆ ಒಂದು ಅಣ್ಣ ಅಂಟಿಕೊಳ್ಳುತ್ತಿತ್ತು.

ಈ ಹ್ಯೂಬರ್ಟ್ ಮೊದಲು ಹೀಗಿರಲಿಲ್ಲ. ಪರ್ಮಿಟ್ ಇತ್ತು, ತಿಂಗಳಿಗೊಮ್ಮೆ ಪರ್ಮಿಟ್ ಅಂಗಡಿಯಿಂದ ನಾಲ್ಕು ಕ್ಯಾನ್ ತಂದು ಹುರಿದ ಕಡಲೆಯ ಜೊತೆ ಕುಡಿದು ಮಲಗುತ್ತಿದ್ದ. ಎರಡು ವರ್ಷದ ಹಿಂದೆ ಬೆಂಗಳೂರಿನಲ್ಲಿ ಯಾರದೋ ಮದುವೆಗೆ ಹೋದವನನ್ನು, ಅಲ್ಲೇ ಬಿಯರ್ ಮಾಡಿ ಅಲ್ಲೇ ಕೊಡುವ ಹೋಟೆಲಿಗೆ ಯಾರೋ ಕರೆದುಕೊಂಡು ಹೋದರು. ಆರು ಪುಟ್ಟ ಗ್ಲಾಸಿನಲ್ಲಿ ಆರು ಬಣ್ಣದ ಬಿಯರ್ ಕುಡಿದು ಬಂದ, ಅಷ್ಟೇ. ತಲೆಗೆ ಏರಿದ್ದು ಇವತ್ತಿನವರೆಗೂ ಇಳಿದಿಲ್ಲ. ಕ್ಯಾನಿನ ಬಿಯರ್ ಈಗ ಅವನಿಗೆ ಕತ್ತೆಯ ಮೂತ್ರ. ಅದನ್ನು ಕುಡಿಯುವವರು ಸಂಸ್ಕಾರ ಇಲ್ಲದವರು. ಫೋನಿನಲ್ಲಿ ಯಾರೋ ಗಡ್ಡದವರ ವೀಡಿಯೋ ನೋಡುತ್ತಾ ಮಾಲ್ಟ್ ಎಂದ, ಹಾಪ್ಸ್ ಎಂದ. ಮಾಲ್ಟ್ ಎಂದರೆ ಮೊಳಕೆ ಬರಿಸಿ ಒಣಗಿಸಿದ ಬಾರ್ಲಿಯಂತೆ, ಹಾಪ್ಸ್ ಎಂದರೆ ಬಿಯರಿಗೆ ಕಹಿ ಕೊಡುವ ಹೂವಂತೆ. ಅದನ್ನು ಗ್ರೀನ್ ಟೀ ಪ್ಯಾಕೆಟ್ಟಿನಲ್ಲಿ ತುಂಬಿ ಸೂಟ್‌ಕೇಸಿನಲ್ಲಿ ತಂದನಂತೆ. ಇಷ್ಟು ಧೈರ್ಯವಿದ್ದ ಮನುಷ್ಯನಿಗೆ ತಾನೇ ಬಿಯರ್ ಮಾಡುವ ಡ್ರಮ್ಮನ್ನು ತನ್ನ ಮನೆಯಲ್ಲಿ ಇಡುವ ಧೈರ್ಯ ಇರಲಿಲ್ಲ. ಯಾಕೆಂದರೆ ಕತಾರಿನಲ್ಲಿ ಕುಡಿಯಲಿಕ್ಕೆ ಪರ್ಮಿಟ್ ಉಂಟು, ಮಾಡಲಿಕ್ಕೆ ಇಲ್ಲ. ಸಿಕ್ಕಿಬಿದ್ದರೆ ಮೊದಲು ಜೈಲು, ಆಮೇಲೆ ವಿಮಾನ. ಅಲ್ ಹಿಲಾಲಿನ ಫ್ಲ್ಯಾಟಿನಲ್ಲಿ ಅವನ ಹೆಂಡತಿ ಪ್ಯಾಟ್ರಿಷಿಯಾ ಒಂದೇ ಮಾತು ಹೇಳಿದ್ದಳು: ಡ್ರಮ್ ಒಳಗೆ ಬಂದರೆ ನಾನು ಹೊರಗೆ.

ಆಗ ಅವನಿಗೆ ದೇಜಪ್ಪಣ್ಣನ ನೆನಪಾಯಿತು.

ದೇಜಪ್ಪನಿಗೆ ಅಲ್ ರಯ್ಯಾನಿನ ಹಳೇ ವಿಲ್ಲಾದ ಹಿಂಭಾಗದಲ್ಲಿ ಕಂಪನಿ ಕೊಟ್ಟ, ಅವನೊಬ್ಬನದೇ ಒಂದು ಕೋಣೆ. ಪಕ್ಕದ ಕೋಣೆಯಲ್ಲಿ ಕಂಪನಿಯ ಡ್ರೈವರ್ ಮೊಯ್ದಿನ್ ಕುಂಞಿ. ಹ್ಯೂಬರ್ಟ್ ಡ್ರಮ್ ಹೊತ್ತುಕೊಂಡು ಬಂದ ದಿನವೇ ಅದನ್ನು ರಸ್ತೆಗೆ ಎಸೆಯುವ ತಾಕತ್ತು ದೇಜಪ್ಪನಿಗಿತ್ತು. ಆದರೆ ಅದೇ ವಾರ ಅವನು ಹ್ಯೂಬರ್ಟನ ಮೇಜಿನ ಮೇಲೆ ಒಂದು ಅರ್ಜಿ ಇಟ್ಟಿದ್ದ. ಹೆಂಡತಿ ಪೂವಕ್ಕನನ್ನು ವಿಸಿಟ್ ವೀಸಾದಲ್ಲಿ ಕರೆಸಲು ಕಂಪನಿಯ ಲೆಟರ್ ಬೇಕಿತ್ತು.

ಇಪ್ಪತ್ತಮೂರು ವರ್ಷದಲ್ಲಿ ಪೂವಕ್ಕ ಗಂಡನ ಹತ್ತಿರ ಚಿನ್ನ ಕೇಳಿದವಳಲ್ಲ, ಸೀರೆ ಕೇಳಿದವಳಲ್ಲ. ಬೀಡಿ ಕಟ್ಟಿ ತನ್ನ ಕೈಖರ್ಚು ತಾನೇ ನೋಡಿಕೊಂಡವಳು. ಅತ್ತೆಯನ್ನು ಕಡೆಯವರೆಗೆ ನೋಡಿದಳು, ಮಗಳು ದೀಕ್ಷಿತಾಳಿಗೆ ಮದುವೆ ಮಾಡಿದಳು, ಆ ಮದುವೆಗೆ ಗಂಡ ಹತ್ತೇ ದಿನದ ರಜೆಯಲ್ಲಿ ಅತಿಥಿಯ ಹಾಗೆ ಬಂದು ಹೋದ. ಎಲ್ಲ ಮುಗಿದ ಮೇಲೆ ಮೊನ್ನೆ ಫೋನಿನಲ್ಲಿ ಕೇಳಿದ್ದು ಇಷ್ಟೇ: "ನೀವು ಇಷ್ಟು ವರ್ಷ ಎಲ್ಲಿದ್ರಿ ಅಂತ ನಾನೊಮ್ಮೆ ನೋಡ್ಬೇಕು." ಅದಕ್ಕೆ ಇಲ್ಲ ಎನ್ನುವ ಬಾಯಿ ದೇಜಪ್ಪನಿಗಿರಲಿಲ್ಲ. ಪಾಸ್‌ಪೋರ್ಟ್ ಮಾಡಿಸಿದಳು. ಡಿಸೆಂಬರಿನ ಚಳಿಗೆ ಎಂದು ಸ್ವೆಟರ್ ಕೂಡ ತೆಗೆದಿಟ್ಟಳು. ಇವನು ಲೆಟರ್ ಕೇಳಿದಾಗಲೆಲ್ಲ ಹ್ಯೂಬರ್ಟ್, ಮ್ಯಾನೇಜರ್ ಟೇಬಲ್ಲಿನಲ್ಲಿ ಉಂಟು, ಆಗ್ತದೆ ಎನ್ನುತ್ತಿದ್ದ. ಹೇಳಿ ಮುಗಿಸಿದ ಕೂಡಲೇ, ಡ್ರಮ್ ಹೇಗುಂಟು ದೇಜಪ್ಪಣ್ಣ ಎಂದೂ ಕೇಳುತ್ತಿದ್ದ. ದೇಜಪ್ಪ ದಡ್ಡನಲ್ಲ. ಎರಡು ಮಾತೂ ಒಂದೇ ಎಂದು ಅವನಿಗೆ ಅರ್ಥವಾಗಿತ್ತು.

ಮೊದಲನೇ ಡ್ರಮ್ ಮೂರೇ ದಿನದಲ್ಲಿ ಬಾಯಿಬಿಟ್ಟಿತು. ಮುಚ್ಚಳದ ಪೈಪಿನಿಂದ ಗುಳುಗುಳು, ಕೋಣೆ ತುಂಬ ಹುಳಿ ವಾಸನೆ, ಏಸಿ ಹಾಕಿದರೆ ಅದು ಇನ್ನೂ ಚೆನ್ನಾಗಿ ಹರಡುತ್ತಿತ್ತು. ಆ ವಾಸನೆಗೆ ದೇಜಪ್ಪನಿಗೆ ವೀಡಿಯೋ ಬೇಕಾಗಿರಲಿಲ್ಲ. ಕೊಳೆ ತೊಳೆಯದ ಪಾತ್ರೆಯಲ್ಲಿ ಇಟ್ಟ ಶೇಂದಿ ಕೆಡುವುದೂ ಹೀಗೆಯೇ. ಹಾಳಾಗಿದೆ ಸಾರ್, ಎಸೆಯುವ ಎಂದ. ಹ್ಯೂಬರ್ಟ್ ನಕ್ಕ. ನಿಮಗೆ ಗೊತ್ತಿರುವುದು ಕಳ್ಳು ದೇಜಪ್ಪಣ್ಣ, ಇದು ಸೈನ್ಸ್ ಎಂದ. ಹುಳಿಯಾಗುವುದೇ ಒಂದು ಸ್ಟೈಲ್, ಬೆಲ್ಜಿಯಮ್ಮಿನಲ್ಲಿ ಇದಕ್ಕೆ ಕ್ಯೂ ನಿಲ್ಲುತ್ತಾರೆ ಎಂದ. ಒಂದು ಗ್ಲಾಸ್ ಕುಡಿದು ಎರಡು ದಿನ ಆಫೀಸಿಗೆ ಬರಲಿಲ್ಲ. ಮೂರನೇ ದಿನ ಬಂದು, ಅದನ್ನು ಚೆಲ್ಲಿಬಿಡಿ, ನಿಮ್ಮ ರೂಮಿನ ಗಾಳಿ ಸರಿ ಇಲ್ಲ ಎಂದ. ಕುಣಿಯಲಾರದವಳಿಗೆ ನೆಲ ಡೊಂಕು.

ಚೆಲ್ಲಿದ ಸಂಜೆ ಮೊಯ್ದಿನ್ ಕುಂಞಿ ಬಾಗಿಲಲ್ಲಿ ಬಂದು ನಿಂತ. ಐದು ಹೊತ್ತು ನಮಾಜು ಬಿಡದ ಮನುಷ್ಯ, ಹದಿನಾಲ್ಕು ವರ್ಷದ ನೆರೆಯವ. ಒಳಗೆ ಬರಲಿಲ್ಲ.

"ನಾನು ಯಾರಿಗೂ ಹೇಳುವವನಲ್ಲ ದೇಜಪ್ಪಣ್ಣ," ಎಂದ. "ಆದರೆ ಮೂಗು ನನಗೊಬ್ಬನಿಗೇ ಇರುವುದಲ್ಲ. ಪೂವಕ್ಕ ಬರುವವರಿದ್ದಾರೆ, ಸ್ವಲ್ಪ ಯೋಚನೆ ಮಾಡಿ."

ದೇಜಪ್ಪನಿಗೆ ಮುಖ ಎಲ್ಲಿಡುವುದು ಎಂದು ಗೊತ್ತಾಗಲಿಲ್ಲ. ಬೈಯುವವನಾಗಿದ್ದರೆ ತಡೆದುಕೊಳ್ಳಬಹುದಿತ್ತು. ಅವನು ಹೋದ ಮೇಲೆ ಹ್ಯೂಬರ್ಟನ ಹೆಸರು ಹಿಡಿದು ತುಳುವಿನಲ್ಲಿ ಬಾಯಿಗೆ ಬಂದಂತೆ ಬೈದ. ಗೋಡೆಗೆ ಬೈದರೆ ಲೆಟರ್ ಬರುತ್ತದೆಯೇ?

ಎರಡನೇ ಡ್ರಮ್ ನವೆಂಬರಿನಲ್ಲಿ ಬಂತು. ಹ್ಯೂಬರ್ಟ್ ದೇಜಪ್ಪನದೇ ಒಲೆಯಲ್ಲಿ ಮಾಲ್ಟಿನ ಪಾಕ ಕಾಯಿಸಿ, ಹಾಪ್ಸ್ ಉದುರಿಸಿ, ಆರಿಸಿ, ಕಡೆಗೆ ಯೀಸ್ಟ್ ಹಾಕಿ, ಡ್ರಮ್ಮಿಗೆ ಶಿಲುಬೆಯ ಗುರುತು ಮಾಡಿ ಹೋದ. ಅವನ ಕಾರು ತಿರುವು ದಾಟುವವರೆಗೆ ಕಾದು ದೇಜಪ್ಪ ಮುಚ್ಚಳ ತೆಗೆದ. ವೀಳ್ಯಕ್ಕೆಂದು ಊರಿನಿಂದ ತಂದಿದ್ದ ಸುಣ್ಣದ ಡಬ್ಬಿ ಕೈಯಲ್ಲಿತ್ತು.

ಇದು ವೀಡಿಯೋದವರು ಹೇಳಿಕೊಡುವುದಲ್ಲ. ಮರಕ್ಕೆ ಕಟ್ಟುವ ಮಡಕೆಯ ಒಳಗೆ ಅಪ್ಪ ಕೆಲವು ದಿನ ಸುಣ್ಣ ಬಳಿಯುತ್ತಿದ್ದರು. ಸುಣ್ಣ ಬಳಿದ ಮಡಕೆಗೆ ಇಳಿದದ್ದು ಹುಳಿಯೇರುವುದಿಲ್ಲ, ಅಮಲು ಬರುವುದಿಲ್ಲ. ಅದು ಬೆಲ್ಲಕ್ಕೆ, ಇಲ್ಲವೆ ಮಕ್ಕಳಿಗೆ. ಚಿಕ್ಕಂದಿನಲ್ಲಿ ದೇಜಪ್ಪ ಅದನ್ನು ಹೊಟ್ಟೆ ತುಂಬ ಕುಡಿದವನು. ಎಷ್ಟು ಹಾಕಬೇಕು ಎನ್ನುವುದು ಕೈಗೆ ಗೊತ್ತಿತ್ತು. ನೀರಿನಲ್ಲಿ ಕಲಸಿ, ತಿಳಿಯಾದದ್ದನ್ನು ಸುರಿದು, ಮುಚ್ಚಳ ಹಾಕಿ, ಕೈ ತೊಳೆದುಕೊಂಡು ಬಂದು ಕುಚಲಕ್ಕಿ ಗಂಜಿ ಉಂಡ. ಪೈಪು ಸದ್ದು ಮಾಡಲಿಲ್ಲ, ಕೋಣೆ ನಾರಲಿಲ್ಲ. ಇನ್ನು ಯಾರು ಬಂದು ಹಿಡಿದರೂ ಅವರ ಕೈಗೆ ಸಿಗುವುದು ಕಹಿ ಸೇರಿದ ಸಿಹಿನೀರು.

ಹ್ಯೂಬರ್ಟ್ ಬಂದು ನೋಡಿದ. ಗುಳ್ಳೆ ಇಲ್ಲ. ಫೋನ್ ತೆಗೆದ, ಹುಡುಕಿದ, ತಲೆಯಾಡಿಸಿದ. ಸ್ಲೋ ಫರ್ಮೆಂಟೇಷನ್ ದೇಜಪ್ಪಣ್ಣ, ಹಳೇ ಮಾಸ್ಟರುಗಳ ಪದ್ಧತಿ ಇದು, ಅವಸರ ಮಾಡಬಾರದು ಎಂದ. ಬಾಟಲಿಗೆ ತುಂಬುವಾಗ ನೊರೆ ಬರಲಿಲ್ಲ. ಇಂಗ್ಲಿಷರು ಗ್ಯಾಸ್ ಕಡಿಮೆಯೇ ಇಡುವುದು ಎಂದ. ಬಾಟಲಿಗೆ ತನ್ನ ಹೆಸರಿನ ಚೀಟಿ ಅಂಟಿಸಿದ. ದೇಜಪ್ಪ ಹೌದು ಸಾರ್, ಹೌದು ಸಾರ್ ಎನ್ನುತ್ತಾ ಒಂದೊಂದೇ ಬಾಟಲಿ ಎತ್ತಿಕೊಟ್ಟ. ಲೆಟರ್ ಮಾತ್ರ ಇನ್ನೂ ಮ್ಯಾನೇಜರ್ ಟೇಬಲ್ಲಿನಲ್ಲೇ ಇತ್ತು.

ಅಲ್ಲಿನ ವಾರದ ರಜೆ ಶುರುವಾಗುವ ಶುಕ್ರವಾರ, ಇಗರ್ಜಿಯಿಂದ ಬಂದ ಮೇಲೆ ಅಲ್ ಹಿಲಾಲಿನ ಫ್ಲ್ಯಾಟಿನಲ್ಲಿ ಟೇಸ್ಟಿಂಗ್ ಎಂಬ ಸಂಭ್ರಮ. ಬಾಟಲಿ ತಂದುಕೊಡಲಿಕ್ಕೆ ದೇಜಪ್ಪ ಬೇಕಲ್ಲ, ಬಂದ. ಕುಡಿಯುವುದಕ್ಕೆ ಹ್ಯೂಬರ್ಟ್ ಮತ್ತು ಅವನ ಸ್ನೇಹಿತ ರಿಚರ್ಡ್. ಈ ರಿಚರ್ಡ್ ಒಂದು ಇನ್ಶೂರೆನ್ಸ್ ಕಂಪನಿಯ ಗುಮಾಸ್ತ, ಬಿಟ್ಟಿ ಸಿಕ್ಕಿದ್ದು ಎಲ್ಲವೂ ಅವನಿಗೆ ಫಸ್ಟ್ ಕ್ಲಾಸ್. ಇಬ್ಬರೂ ಗ್ಲಾಸ್ ಬೆಳಕಿಗೆ ಹಿಡಿದರು, ಅಲ್ಲಾಡಿಸಿದರು, ಮೂಗಿಟ್ಟರು. ರಿಚರ್ಡ್ ಏನೋ ಕಲ್ಲಿನ ರುಚಿ ಬರ್ತಾ ಉಂಟಲ್ಲ ಎಂದ. ಮಿನರಲ್ ಎಂದು ಹ್ಯೂಬರ್ಟ್ ತಿದ್ದಿದ. ಎಂಥ ನಾಲಿಗೆ ನಿಂದು ಎಂದು ಹೊಗಳಿದ. ವೀಳ್ಯದ ಸುಣ್ಣಕ್ಕೆ ಇಂಥ ಮರ್ಯಾದೆ ಯಾವ ಕಾಲದಲ್ಲೂ ಸಿಕ್ಕಿರಲಿಕ್ಕಿಲ್ಲ.

ಎರಡನೇ ಬಾಟಲಿಗೆ ರಿಚರ್ಡನ ಶರ್ಟಿನ ಮೇಲಿನ ಗುಂಡಿ ಬಿಚ್ಚಿತು. ಮೂರನೆಯದಕ್ಕೆ ಹ್ಯೂಬರ್ಟನ ಮಾತು ತೊದಲತೊಡಗಿತು. ದೇಜಪ್ಪ ಅಡಿಗೆಮನೆಯ ಬಾಗಿಲಿಗೆ ಒರಗಿ ನೋಡುತ್ತಿದ್ದ. ಅಮಲಿನ ಹೆಸರೂ ಇಲ್ಲದ ನೀರು ಕುಡಿದು ಇಬ್ಬರು ಗಂಡಸರು ಓಲಾಡುತ್ತಿದ್ದಾರೆ! ಅಪ್ಪನ ಅಂಗಳದ ಕುಡುಕರು ಇವರಿಗಿಂತ ಎಷ್ಟೋ ವಾಸಿ, ಕೊಟ್ಟ ಕಾಸಿಗೆ ಸರಿಯಾಗಿ ಕುಡಿದು ಸರಿಯಾಗಿ ಬೀಳುತ್ತಿದ್ದರು. ಪ್ಯಾಟ್ರಿಷಿಯಾ ಮೀನು ಹುರಿಯುವುದನ್ನು ಬಿಟ್ಟು ಬಂದು ಗಂಡನ ಗ್ಲಾಸಿನಿಂದ ಒಂದು ಗುಟುಕು ಕುಡಿದಳು. ಬಾಯಿ ಚಪ್ಪರಿಸಿದಳು. ಗಂಡನನ್ನು ನೋಡಿದಳು, ಆಮೇಲೆ ದೇಜಪ್ಪನನ್ನು ನೋಡಿದಳು. ತುಟಿಯಂಚಿನಲ್ಲಿ ನಕ್ಕು ಒಲೆಯ ಹತ್ತಿರ ಹೋದಳು.

ಅಷ್ಟರಲ್ಲಿ ಹ್ಯೂಬರ್ಟನಿಗೆ ಭಾಷಣ ಬಂತು. ಇವನ ಅಪ್ಪ ಮರ ಹತ್ತಿ ನೊರೆ ಕಳ್ಳು ಇಳಿಸುತ್ತಿದ್ದ ಜನ ಮಾರಾಯ ಎಂದು ರಿಚರ್ಡನಿಗೆ ಪರಿಚಯ ಮಾಡಿಕೊಟ್ಟ. ಈಗ ಮಗ ನನ್ನ ಹತ್ತಿರ ಕ್ರಾಫ್ಟ್ ಬಿಯರ್ ಮಾಡಲು ಕಲಿಯುತ್ತಿದ್ದಾನೆ ಎಂದ. ದೇಜಪ್ಪನಿಗೆ ರಕ್ತ ತಲೆಗೇರಿತು. ಪೂವಕ್ಕನ ನೆನಪು ಮಾಡಿಕೊಂಡು ನುಂಗಿದ. ನುಂಗಿ, ಸಮಾಧಾನದಲ್ಲೇ ಲೆಟರಿನ ವಿಷಯ ಕೇಳಿದ.

ಹ್ಯೂಬರ್ಟ್ ಗಹಗಹಿಸಿ ನಕ್ಕ. "ಲೆಟರಾ? ಅದು ಸೈನ್ ಆಗಿ ತಿಂಗಳು ದಾಟಿತಲ್ಲ ದೇಜಪ್ಪ. ನನ್ನ ಡ್ರಾಯರಿನಲ್ಲಿ ಉಂಟು. ಕೊಟ್ಟರೆ ನೀನು ಮರುದಿನವೇ ಡ್ರಮ್ ಹೊರಗಿಡ್ತಿ, ಅಷ್ಟೂ ಗೊತ್ತಿಲ್ವಾ ನನಗೆ?"

ರಿಚರ್ಡ್ ತೊಡೆ ತಟ್ಟಿ ನಕ್ಕ. ಅಡಿಗೆಮನೆಯಲ್ಲಿ ಸಟ್ಟುಗದ ಸದ್ದು ನಿಂತಿತು. ದೇಜಪ್ಪ ಖಾಲಿ ಬಾಟಲಿಗಳನ್ನು ಚೀಲಕ್ಕೆ ತುಂಬಿದ, ಬಾಯಮ್ಮ ಬರ್ತೇನೆ ಎಂದು ಪ್ಯಾಟ್ರಿಷಿಯಾಗೆ ಹೇಳಿ ಹೊರಟ. ಬಸ್ಸಿನಲ್ಲಿ ಪೂವಕ್ಕನ ಫೋನ್ ಎರಡು ಸಲ ಬಂತು. ಎತ್ತಲಿಲ್ಲ. ತಿಂಗಳಿನಿಂದ ಅವಳು ದಿನಕ್ಕೊಮ್ಮೆ ಕೇಳುತ್ತಿದ್ದಳು, ಇವನು ದಿನಕ್ಕೊಮ್ಮೆ ಮ್ಯಾನೇಜರಿಗೆ ಬೈಯುತ್ತಿದ್ದ. ಆ ಪಾಪದ ಮ್ಯಾನೇಜರ್ ಎಂದೋ ಸೈನ್ ಹಾಕಿ ಕೈ ತೊಳೆದುಕೊಂಡಿದ್ದ.

ರಜೆ ಮುಗಿದು ಭಾನುವಾರ ಆಫೀಸು ತೆರೆಯುವ ಹೊತ್ತಿಗೆ ದೇಜಪ್ಪ ಹ್ಯೂಬರ್ಟನ ಕೋಣೆಯಲ್ಲಿದ್ದ. ಹ್ಯೂಬರ್ಟ್ ಅವನನ್ನು ಕಂಡದ್ದೇ ಎದ್ದು ನಿಂತ, ಕುರ್ಚಿ ತೋರಿಸಿದ, ಅಣ್ಣ ಮರಳಿ ಬಂದಿತ್ತು.

"ಶುಕ್ರವಾರ ಸ್ವಲ್ಪ ಹೆಚ್ಚಾಯ್ತು ದೇಜಪ್ಪಣ್ಣ. ಕುಡಿದವನ ಮಾತು ಮನಸ್ಸಿಗೆ ಹಚ್ಕೊಳ್ಬೇಡಿ. ಏನು ಹೇಳಿದೆ ಅಂತ ನನಗೇ ನೆನಪಿಲ್ಲ. ಲೆಟರ್ ಇನ್ನೊಂದು ವಾರದಲ್ಲಿ ಸೈನ್ ಆಗಿ ಬರ್ತದೆ."

ದೇಜಪ್ಪ ಕೂರಲಿಲ್ಲ.

"ನೀವು ಕುಡಿದಿರಲಿಲ್ಲ ಸಾರ್," ಎಂದ. "ಡ್ರಮ್ಮಿಗೆ ನಾನು ಸುಣ್ಣ ಹಾಕಿದ್ದೆ. ನಮ್ಮ ಅಪ್ಪ ಮಕ್ಕಳಿಗೆ ಕೊಡುವ ಮಡಕೆಗೆ ಹಾಕ್ತಿದ್ದದ್ದು ಅದನ್ನೇ. ಅದರಲ್ಲಿ ಒಂದು ತೊಟ್ಟು ಅಮಲು ಇರಲಿಲ್ಲ. ಬಾಯಮ್ಮನಿಗೆ ಗೊತ್ತುಂಟು, ಬೇಕಾದರೆ ಕೇಳಿ. ಶುಕ್ರವಾರ ನೀವು ಹೇಳಿದ್ದೆಲ್ಲ ಸರಿಯಾದ ಬುದ್ಧಿಯಲ್ಲೇ ಹೇಳಿದ್ದು."

ಮಿನರಲ್ ಎಂದದ್ದು, ತೊದಲಿದ್ದು, ಸೋಫಾದಿಂದ ಏಳಲಾರದೆ ರಿಚರ್ಡನ ಹೆಗಲು ಹಿಡಿದದ್ದು, ಒಂದೊಂದಾಗಿ ಹ್ಯೂಬರ್ಟನಿಗೆ ನೆನಪಾಗುವುದು ಮುಖದಲ್ಲೇ ಕಾಣುತ್ತಿತ್ತು. ಕಿವಿಯವರೆಗೂ ಕೆಂಪಾದ. ಕಂಪ್ಯೂಟರಿನ ಕಡೆ ನೋಡಿದ, ಕಿಟಕಿಯ ಕಡೆ ನೋಡಿದ, ದೇಜಪ್ಪನ ಕಡೆ ನೋಡಲು ಮಾತ್ರ ಆಗಲಿಲ್ಲ. ದೇಜಪ್ಪ ಮೇಜಿನ ಮೇಲೆ ಕೈ ಚಾಚಿ ನಿಂತಿದ್ದ. ಕಡೆಗೆ ಹ್ಯೂಬರ್ಟ್ ಡ್ರಾಯರ್ ಎಳೆದ.

ಲೆಟರ್ ಕವರಿನಲ್ಲೇ ಇತ್ತು. ಸೈನ್, ಸೀಲು, ತಾರೀಕು ಅಕ್ಟೋಬರ್ ಇಪ್ಪತ್ತಾರು. ದೇಜಪ್ಪ ತಾರೀಕನ್ನು ಎರಡು ಸಲ ಓದಿ, ಕವರನ್ನು ಅಂಗಿಯ ಒಳಜೇಬಿಗೆ ಇಟ್ಟುಕೊಂಡ. ಇಪ್ಪತ್ತಮೂರು ವರ್ಷದಲ್ಲಿ ಆ ಕೋಣೆಯಿಂದ ಥ್ಯಾಂಕ್ಯೂ ಸಾರ್ ಎನ್ನದೆ ಹೊರಗೆ ಬಂದದ್ದು ಅದೇ ಮೊದಲು.